ಅಕ್ಕನನ್ನು ಹಿರೇಕೆರೂರಿಗೆ ಒಯ್ದ ಕಥೆ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಊರುಗಳ ಹೆಸರು ಮಾತ್ರ ಇದ್ದ ಹಾಗೆ ಇವೆ, ಒಂದನ್ನೂ ಬದಲಿಸಿಲ್ಲ. ಹೆಸರು ಮುಚ್ಚಿಟ್ಟರೆ ಮನುಷ್ಯರಿಗೆ ದೊಡ್ಡ ನಷ್ಟವೇನೂ ಆಗುವುದಿಲ್ಲ. ಊರು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಒಡಹುಟ್ಟಿದ ಅಕ್ಕನ ಮೇಲೆಯೇ ಮಾಡಿ ನೋಡಿದ್ದೇನೆ.

ನಾನು ಕನ್ನಡ ಕಲಿಸುವವಳು. ಮೊದಲು ಸವಣೂರಿನಲ್ಲಿ, ಆಮೇಲೆ ಹಿರೇಕೆರೂರಿನಲ್ಲಿ, ಈಗ ಹಾನಗಲ್ಲಿನಲ್ಲಿ. ಜೊತೆಗೆ ಕಥೆ ಬರೆಯುವ ಚಟವಿದೆ. ಚಟ ಎಂದು ಈಗ ಅನ್ನುತ್ತಿದ್ದೇನೆ. ಹೋದ ವರ್ಷದ ತನಕ ಅದನ್ನು ಸಾಧನೆ ಎಂದುಕೊಂಡಿದ್ದೆ. ನನ್ನ ಒಂದು ಕಥೆಗೆ ಬಹುಮಾನ ಬಂದಿದೆ, ಅದೇ ಕಥೆ ಕಾಲೇಜು ಹುಡುಗರ ಪಠ್ಯದಲ್ಲೂ ಸೇರಿದೆ. ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಪರಿಚಯವಿಲ್ಲದ ಹುಡುಗರು ಬಂದು, "ಮೇಡಂ, ನಿಮ್ಮ ಪಾಠ ಪರೀಕ್ಷೆಗೆ ಬಂದಿತ್ತರಿ" ಎಂದು ಹೇಳಿದ್ದುಂಟು. ನಾನು ನಗುನಗುತ್ತ ಎಷ್ಟು ಮಾರ್ಕ್ಸಿನ ಪ್ರಶ್ನೆ ಎಂದು ಕೇಳಿದ್ದೂ ಉಂಟು. ನಾಚಿಕೆಗೇಡು.

ನಮ್ಮ ತವರು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ. ಮಳೆ ನಂಬಿದ ಹೊಲಗಳು. ಹತ್ತಿ, ಜೋಳ, ಒಂದಿಷ್ಟು ಮೆಣಸಿನಕಾಯಿ. ಹೊಲಕ್ಕೆ ಬಾಗಿಲಿರುವುದಿಲ್ಲ, ಯಾವ ಬದುವಿನಿಂದ ಬೇಕಾದರೂ ಇಳಿಯಬಹುದು. ಅಂಥ ಮನೆಯಿಂದ ಅಕ್ಕನನ್ನು ಸವಣೂರಿನ ಎಲೆತೋಟದವರ ಮನೆಗೆ ಕೊಟ್ಟರು. ವೀಳ್ಯದೆಲೆಯ ತೋಟ ಹೊಲದಂತಲ್ಲ. ನುಗ್ಗೆ, ಚೊಗಚೆ ಗಿಡಗಳಿಗೆ ಬಳ್ಳಿ ಹಬ್ಬಿಸಿ, ಗಾಳಿ ತಡೆಯಲು ಸುತ್ತ ತಟ್ಟಿ ಕಟ್ಟಿ, ಒಂದೇ ಒಂದು ಬಾಯಿ ಬಿಟ್ಟಿರುತ್ತಾರೆ. ಆ ಬಾಯಿಯ ಮುಂದೆ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡಬೇಕು. ತೋಟದ ಯಜಮಾನನಾದರೂ ಅಷ್ಟೇ, ಎಲೆ ಕೊಳ್ಳಲು ಬಂದ ವ್ಯಾಪಾರಿಯಾದರೂ ಅಷ್ಟೇ. ಹೆಣ್ಣುಮಕ್ಕಳಿಗೆ ಇನ್ನೂ ಒಂದು ಕಟ್ಟು: ತಿಂಗಳ ಆ ದಿನಗಳಲ್ಲಿ ತೋಟದೊಳಗೆ ಹೋಗಬಾರದು. ಹೋದರೆ ಬಳ್ಳಿ ಬಾಡುತ್ತದೆ ಎಂಬ ನಂಬಿಕೆ.

ತಮಾಷೆಯೆಂದರೆ, ನಮ್ಮ ತವರಿನಲ್ಲಾಗಲಿ ಅಕ್ಕನ ಅತ್ತೆಯ ಮನೆಯಲ್ಲಾಗಲಿ ಹೊರಗೆ ಕೂರುವ ಪದ್ಧತಿಯೇ ಇರಲಿಲ್ಲ. ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತಿದ್ದೆವು, ನೀರು ತರುತ್ತಿದ್ದೆವು, ಕೊರಳ ಲಿಂಗಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದೆವು. ದೇವರಿಗೆ ಇಲ್ಲದ ಮಡಿ ಎಲೆಗೆ ಇತ್ತು. ನನಗೆ ಸವಣೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕು ಅಕ್ಕನ ಮನೆಯಲ್ಲಿ ಉಳಿದ ಮೊದಲ ವಾರವೇ ಈ ವಿಷಯಕ್ಕೆ ಅವಳೊಡನೆ ವಾದಕ್ಕೆ ನಿಂತೆ. ಬಿ.ಇಡಿ. ಮಾಡಿ ಬಂದವಳು, ಬಾಯಿ ಸುಮ್ಮನಿರಬೇಕಲ್ಲ.

"ನೀ ಶಾಲ್ಯಾಗ ಕಲಸೂದು ಕಲಸು. ತ್ವಾಟದ ಮುಂದ ನಿಂತು ಭಾಷಣ ಮಾಡಬ್ಯಾಡ," ಎಂದಳು ಅಕ್ಕ. "ನಾನೂ ಬಂದ ಹೊಸದಾಗ ನಕ್ಕಾಕಿನ. ಈಗ ನಗಾಕ ಬರೂದಿಲ್ಲ."

ಯಾಕೆ ಬರುವುದಿಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ತೋಟದ ಬಾಯಿ ಓಣಿಯ ದಾರಿಗೇ ಇತ್ತು. ಹೋಗಿ ಬರುವವರೆಲ್ಲ ಅಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದರು. ಅಕ್ಕನ ಚಪ್ಪಲಿ ಗುರುತು ಹಿಡಿಯುವುದು ಸುಲಭ. ಬಲಗಾಲಿನ ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟ ಹರಿದು ಬೇರೆ ಬಣ್ಣದ ತೊಗಲು ಹೊಲಿಸಿದ್ದಳು. ಅದು ಬಾಯಿಯ ಮುಂದೆ ಇದ್ದರೆ ಅಕ್ಕ ತೋಟದೊಳಗೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ನಿಂತು, ರೊಟ್ಟಿಯ ಗಂಟು ಒಳಗಿನವರ ಕೈಗೆ ಕೊಟ್ಟು ತಿರುಗಿದರೆ, ಓಣಿಗೆ ಅರ್ಥವಾಗುತ್ತಿತ್ತು. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪ್ರತಿ ತಿಂಗಳು ಅವಳು ಹಾಗೆ ಹೊರಗೆ ನಿಲ್ಲುವುದೆಂದರೆ, ಈ ಸಲವೂ ಇಲ್ಲ ಎಂದು ಊರಿಗೆ ಡಂಗುರ ಸಾರಿದಂತೆ. ಯಾರೂ ಏನೂ ಕೇಳುತ್ತಿರಲಿಲ್ಲ. ಕಾಲು ನೋಡುತ್ತಿದ್ದರು, ಮುಖ ನೋಡುತ್ತಿದ್ದರು, ದಾಟಿ ಹೋಗುತ್ತಿದ್ದರು. ನನಗೆ ಆ ಕಟ್ಟಿನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಹೆಣ್ಣಿನ ಮೈಯ ಲೆಕ್ಕ ದಾರಿಹೋಕರಿಗೆ ಯಾಕೆ ಬೇಕು?

ಒಂಬತ್ತನೆಯ ವರ್ಷ ಅಕ್ಕನ ಚಪ್ಪಲಿ ಒಂದು ತಿಂಗಳು ಪೂರ್ತಿ ಬಾಯಿಯ ಮುಂದೆಯೇ ಇತ್ತು. ಎರಡನೆಯ ತಿಂಗಳೂ ಇತ್ತು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ದೃಷ್ಟಿಯಾದೀತೆಂಬ ಅಂಜಿಕೆ. ಆದರೆ ಅತ್ತೆ ಅಕ್ಕನ ರೊಟ್ಟಿಗೆ ತುಪ್ಪ ಸುರಿಯತೊಡಗಿದರು. ಬಗ್ಗಿ ನೀರು ಕಟ್ಟುವ ಕೆಲಸ ತಪ್ಪಿಸಿದರು. ಎಲೆ ಕೊಯ್ಯುವ ಹೆಂಗಸರು ಎಳೆಯ ಎಲೆ ಆರಿಸಿ ಅವಳ ಉಡಿಯಲ್ಲಿ ಹಾಕಿ ಸುಮ್ಮನೆ ನಗುತ್ತಿದ್ದರು. ಮೂರನೆಯ ತಿಂಗಳು ಅಕ್ಕ ಹಾಡು ಗುನುಗಿದ್ದನ್ನು ನಾನು ಕೇಳಿದೆ. ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನಾಲ್ಕನೆಯ ತಿಂಗಳು ಹಿಡಿದಿತ್ತು. ಅವತ್ತು ರವಿವಾರ, ಕೊಯ್ಲಿನ ದಿನ. ನಾನೂ ತೋಟದೊಳಗಿದ್ದೆ, ಅತ್ತೆಯೂ ಇದ್ದರು, ಕೂಲಿಗೆ ಬಂದ ಹತ್ತು ಹನ್ನೆರಡು ಹೆಂಗಸರಿದ್ದರು. ಬುತ್ತಿಯ ಹೊತ್ತಿಗೆ ಅಕ್ಕ ಬಂದಳು. ತಲೆಯ ಮೇಲೆ ಹಸಿರು ಅಂಚಿನ ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಬಾಯಿಯ ತನಕ ಬಂದು ನಿಂತಳು. ಚಪ್ಪಲಿ ಬಿಡಲಿಲ್ಲ.

"ಬಾರವ್ವಾ, ಒಳಗ ಬಾ. ಯಾಕ ನಿಂತಿ?" ಎಂದರು ಅತ್ತೆ, ಬಳ್ಳಿಯ ಸಂದಿಯಿಂದ ಸರಿಯಾಗಿ ನೋಡದೆ.

ಮೊದಲು ಒಬ್ಬ ಹೆಂಗಸಿನ ಕೈ ನಿಂತಿತು, ಆಮೇಲೆ ಇನ್ನೊಬ್ಬಳದು. ಎಲ್ಲರೂ ಅವಳ ಕಾಲು ನೋಡುತ್ತಿದ್ದರು. ಬೆಳಿಗ್ಗೆ ನಾವೆಲ್ಲ ತೋಟಕ್ಕೆ ಬಂದಮೇಲೆ, ಮನೆಯಲ್ಲಿ ಒಬ್ಬಳೇ ಇದ್ದಾಗ, ಎಲ್ಲ ಮುಗಿದುಹೋಗಿತ್ತು. ತೊಳೆದುಕೊಂಡಿದ್ದಳು, ಸೀರೆ ಬದಲಿಸಿದ್ದಳು, ಹತ್ತು ಹನ್ನೆರಡು ಜನರ ಬುತ್ತಿ ತಪ್ಪಬಾರದೆಂದು ರೊಟ್ಟಿ ಕಟ್ಟಿಕೊಂಡು ಅಷ್ಟು ದೂರ ನಡೆದು ಬಂದಿದ್ದಳು. ಹೇಳಲು ಅವಳ ಹತ್ತಿರ ಮಾತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅತ್ತೆ ಹೊರಗೆ ಬಂದರು. ಅಕ್ಕನ ತಲೆಯ ಮೇಲಿನ ಗಂಟು ಇಳಿಸಿಕೊಂಡು ನನ್ನ ಕೈಗೆ ಕೊಟ್ಟರು. ಆಮೇಲೆ ಬಾಯಿಯ ಮುಂದೆ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ಕಾಲಿಗೆ ಮೆಟ್ಟಿ, ಅಕ್ಕನ ಪಕ್ಕ ನಿಂತರು.

"ಇವತ್ತ ನನಗೂ ಒಳಗ ಬ್ಯಾಡ," ಎಂದರು.

ಅವರಿಗೆ ಅರವತ್ತು ದಾಟಿತ್ತು. ಒಳಗೆ ಹೋಗಬಾರದ ದಿನ ಎಂಬುದು ಅವರ ಪಾಲಿಗೆ ಎಂದೋ ಮುಗಿದಿತ್ತು. ಆದರೂ ಅವತ್ತು ಸಂಜೆಯ ತನಕ ತೋಟದೊಳಗೆ ಕಾಲಿಡದೆ, ಹೊರಗಿನ ಬೇವಿನ ಬುಡದಲ್ಲಿ ಸೊಸೆಯ ಪಕ್ಕ ಕುಂತರು. ದಾರಿಯಲ್ಲಿ ಹೋಗುವವರು ಎರಡು ಜೊತೆ ಕಾಲು ನೋಡಿ, ತಲೆ ತಗ್ಗಿಸಿ ಹೋದರು. ಇಬ್ಬರೂ ಅತ್ತದ್ದನ್ನು ನಾನು ನೋಡಲಿಲ್ಲ. ನಾನು ಒಳಗೆ ಗಂಟು ಹಿಡಿದು ನಿಂತು ಗೊಳೋ ಎಂದು ಅತ್ತುಬಿಟ್ಟೆ.

ನಾನು ಅಷ್ಟು ದ್ವೇಷಿಸುತ್ತಿದ್ದ ಆ ಕಟ್ಟೇ ಅವತ್ತು ಅಕ್ಕನ ನಾಲಿಗೆಯಾಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ಕಹಿಯಾಗುತ್ತದೆ, ಆದರೆ ಸುಳ್ಳಲ್ಲ. ಬೇರೆ ಯಾವ ಜಾಗದಲ್ಲೂ ಒಬ್ಬ ಹೆಂಗಸು ಬರೀ ಚಪ್ಪಲಿ ಬಿಡದೆ ನಿಂತು, ನನ್ನ ಹೊಟ್ಟೆಯಲ್ಲಿ ಕೂಸಿತ್ತು, ಈಗ ಇಲ್ಲ ಎಂದು ಹೇಳಲಾರಳು. ಬೇರೆ ಯಾವ ಜಾಗದಲ್ಲೂ ಒಬ್ಬ ಮುದುಕಿ ಚಪ್ಪಲಿ ಮೆಟ್ಟಿಕೊಂಡು ಅದಕ್ಕೆ ಉತ್ತರ ಕೊಡಲಾರಳು.

ಕೆಲವು ವರ್ಷಗಳ ಮೇಲೆ ನನಗೆ ಬಡ್ತಿ ಸಿಕ್ಕು ಹಿರೇಕೆರೂರಿನ ಕಾಲೇಜಿಗೆ ವರ್ಗವಾಯಿತು. ಅಷ್ಟರಲ್ಲಿ ಅಕ್ಕನ ಅತ್ತೆ ತೀರಿಕೊಂಡಿದ್ದರು. ಅಕ್ಕನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ಮುಂದೆ ಮೈದುನನ ಮಗಳನ್ನು ಮೂರು ತಿಂಗಳ ಕೂಸಿದ್ದಾಗಲೇ ತಂದು ಸಾಕಿಕೊಂಡಳು. ಹಿರೇಕೆರೂರಿನ ಬಾಡಿಗೆ ಕೋಣೆಯಲ್ಲಿ ನಾನು ತೋಟದ ಬಾಯಿಯ ಕಥೆ ಬರೆದೆ. ಮೊದಲ ಸಲ ಬರೆದಾಗ ಎಲ್ಲವೂ ಇದ್ದ ಹಾಗೆಯೇ ಇತ್ತು. ಸವಣೂರು, ಎಲೆಬಳ್ಳಿ, ತಟ್ಟಿ, ಬೇವು, ಕಟ್ಟು.

ಬರೆದದ್ದನ್ನು ಕಾಲೇಜಿನ ಒಬ್ಬ ಹಿರಿಯ ಸಹೋದ್ಯೋಗಿಗೆ ಓದಲು ಕೊಟ್ಟೆ. ಊರಿನ ಸಭೆಗಳಲ್ಲಿ ಸಾಹಿತಿಗಳು ಎಂದು ಅವರಿಗೇ ಮೊದಲ ಹಾರ ಬೀಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ನನ್ನೆದುರೇ ಕೂತು ಓದಿದರು. ಅಕ್ಕ ತೋಟದ ಹೊರಗೆ ನಿಂತ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿದರು, ಕೆಮ್ಮಿದರು, ಕಿಟಕಿ ನೋಡಿದರು.

"ಮೇಡಂ, ಭಾಷಾ ಚಲೋ ಐತ್ರಿ," ಎಂದರು. "ಆದ್ರ ಈ ಎಲಿ ತ್ವಾಟದ ಕಟ್ಟು ಹೊರಗಿನ ಮಂದಿಗೆ ಏನ ತಿಳೀತೈತ್ರಿ? ಮತ್ತ ಈ... ಈ ವಿಷಯಾ. ಮನಿಮಂದಿ ಕೂಡಿ ಓದೂ ಹಂಗಿರಬೇಕ ನೋಡ್ರಿ ಕಥಿ. ಪಾತ್ರ ಗಟ್ಟಿ ಅದಾಳ. ಅಕಿನ್ನ ಎಲ್ಲಿ ಬೇಕಾದರೂ ಇಡ್ರಿ, ನಿಲ್ತಾಳ."

ಅವರನ್ನು ಬೈಯಲು ಇಷ್ಟೆಲ್ಲ ಬರೆಯುತ್ತಿಲ್ಲ. ಅವರು ಹೇಳಿದ್ದು ಒಂದು ಮಾತು, ಮಾಡಿದ್ದು ನಾನು. ಅವರು ಕಿಟಕಿ ನೋಡಿದ ಆ ಗಳಿಗೆಯಲ್ಲಿ ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ. ಅಕ್ಕ ಊರ ಕಣ್ಣ ಮುಂದೆ ತಿಂಗಳು ತಿಂಗಳು ನಿಂತವಳು. ಅವಳ ತಂಗಿ, ಪಾಠ ಹೇಳುವವಳು, ಒಬ್ಬ ಗಂಡಸಿನ ಕೆಮ್ಮಿಗೆ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಮನಸ್ಸಿಗೆ ನಾನು ಹೇಳಿಕೊಂಡ ಸಮಾಧಾನ ಬೇರೆ: ಅಕ್ಕನ ಗುರುತು ಸಿಗಬಾರದು, ಅವಳ ಮಾನ ಕಾಯಬೇಕು, ಅದಕ್ಕೆ ಊರು ಬದಲಿಸುತ್ತಿದ್ದೇನೆ ಎಂದು.

ನನ್ನ ಕೋಣೆಯ ಎದುರು ಗೋವಿನಜೋಳದ ಕಣವಿತ್ತು. ಸುಗ್ಗಿಯಲ್ಲಿ ಹಳದಿ ರಾಶಿಗಳು ಎದ್ದು ನಿಲ್ಲುತ್ತಿದ್ದವು. ರಾಶಿಯ ಕಣಕ್ಕೂ ಚಪ್ಪಲಿ ಮೆಟ್ಟಿ ಯಾರೂ ಇಳಿಯುವುದಿಲ್ಲ. ಅಲ್ಲೂ ಚಪ್ಪಲಿ, ಇಲ್ಲೂ ಚಪ್ಪಲಿ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ತೋಟ ತೆಗೆದು ಕಣ ಇಟ್ಟೆ. ಎಲೆ ತೆಗೆದು ಕಾಳು ಇಟ್ಟೆ. ಹೆಂಗಸು, ಗಂಟು, ಹಸಿರು ಅಂಚು, ಹರಿದ ಉಂಗುಷ್ಟ, ಅತ್ತೆಯ ಕರೆ, ಎಲ್ಲವನ್ನೂ ಹಾಗೆಯೇ ಎತ್ತಿ ಹಿರೇಕೆರೂರಿನ ಕಣದ ಅಂಚಿಗೆ ತಂದು ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ನೋಡಿದರೆ, ಅವಳು ಅಲ್ಲಿ ಯಾಕೆ ನಿಂತಿದ್ದಾಳೆ ಎಂಬುದಕ್ಕೆ ಕಾರಣವೇ ಇಲ್ಲ. ಕಣಕ್ಕೆ ಬರಲು ಯಾವ ಹೆಂಗಸಿಗೂ ಯಾವ ದಿನವೂ ಅಡ್ಡಿಯಿಲ್ಲ. ಬುತ್ತಿ ತಂದವಳು ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಅಷ್ಟೇ. ಬಿಡಲೊಲ್ಲಳು ಅಂದರೆ ಸಿಟ್ಟಿರಬೇಕು. ಸರಿ, ಸಿಟ್ಟಿಗೆ ಒಂದು ಕಾರಣ ಹುಡುಕಿದೆ. ಹಬ್ಬಕ್ಕೆ ತಂದ ಒಳ್ಳೆಯ ಸೀರೆಯನ್ನು ಅತ್ತೆ ತನ್ನ ಮಗಳಿಗೆ ಕೊಟ್ಟಳು, ಸೊಸೆ ಮುನಿಸಿಕೊಂಡಳು ಎಂದು ಬರೆದೆ. ಇನ್ನು ಅತ್ತೆ ಚಪ್ಪಲಿ ಮೆಟ್ಟುವುದು ಉಳಿಯಿತು. ಅದನ್ನು ಬಿಡಲು ಮನಸ್ಸಾಗಲಿಲ್ಲ, ಅಷ್ಟು ಚೆಂದದ ದೃಶ್ಯ. ಆದರೆ ಕಣದಲ್ಲಿ ರಾಶಿಯ ಎದುರು ಯಜಮಾನಿತಿ ಚಪ್ಪಲಿ ಮೆಟ್ಟಿದರೆ ಅದು ಸೊಕ್ಕಲ್ಲದೆ ಇನ್ನೇನು? ಕಥೆಯಲ್ಲಿ ಅತ್ತೆ ಹಲ್ಲು ಕಡಿಯುತ್ತ ಚಪ್ಪಲಿ ಮೆಟ್ಟಿ ಸೊಸೆಯ ಎದುರು ಬಂದು ನಿಂತಳು. ನೀನು ಬಿಡದಿದ್ದರೆ ನಾನೂ ಬಿಡುವುದಿಲ್ಲ ಎಂಬಂತೆ. ನಾನು ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೊಲಿಯುತ್ತ ಹೋದೆ, ಹೊಲಿಗೆ ಕಾಣದ ಹಾಗೆ.

ಕಥೆ ಗೆದ್ದಿತು. ಅಹಂಕಾರಕ್ಕೆ ಅಹಂಕಾರ ಎದುರಾದ ಅಪರೂಪದ ಚಿತ್ರ ಎಂದು ವಿಮರ್ಶಕರೊಬ್ಬರು ಹೊಗಳಿದರು. ಸೊಸೆಯ ಮೌನದಲ್ಲಿ ಬಂಡಾಯವಿದೆ ಎಂದು ಇನ್ನೊಬ್ಬರು ವೇದಿಕೆಯ ಮೇಲೆ ಕೈ ಎತ್ತಿ ಹೇಳಿದರು. ನಾನು ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸಿದೆ. ಸೀರೆಯ ಜಗಳ ಎಲ್ಲರಿಗೂ ಗೊತ್ತಿರುವುದಲ್ಲವೇ, ಓದಿದ ಮಂದಿಗೆಲ್ಲ ಅರ್ಥವಾಯಿತು. ಆಮೇಲೆ ಪಠ್ಯವಾಯಿತು, ಗೈಡು ಬಂತು. ಗೈಡಿನಲ್ಲಿ ಕಥಾನಾಯಕಿಯ ಸ್ವಭಾವ ಎಂಬ ಪ್ರಶ್ನೆಗೆ ಮೊದಲ ಉತ್ತರ: ಹಟಮಾರಿ. ಎರಡನೆಯದು: ಕ್ಷುಲ್ಲಕ ಕಾರಣಕ್ಕೆ ಮುನಿಯುವವಳು.

ಹೋದ ವರ್ಷ ಹಾನಗಲ್ಲಿನಲ್ಲಿ ಹೊಸಬರಿಗಾಗಿ ಒಂದು ಕಥಾ ಕಮ್ಮಟ ನಡೆಯಿತು. ಪಾತ್ರ ಮತ್ತು ಪರಿಸರ ಎಂಬ ವಿಷಯ ನನ್ನ ಪಾಲಿಗೆ. ಪಾತ್ರವೇ ಕಥೆಯ ಜೀವ, ಊರೆಂದರೆ ಗೋಡೆಗೆ ಬಳಿದ ಸುಣ್ಣ, ಬಣ್ಣ ಬದಲಿಸಿದರೂ ಮನೆ ಮನೆಯೇ ಎಂದು ಒಂದು ತಾಸು ಮಾತಾಡಿದೆ. ನನ್ನ ಕಥೆಯನ್ನೇ ಉದಾಹರಣೆಗೆ ಕೊಟ್ಟೆ. ಇದು ನಿಜವಾಗಿ ಬೇರೆ ಊರಲ್ಲಿ ನಡೆದದ್ದು, ನಾನು ಎತ್ತಿ ಹಿರೇಕೆರೂರಿನಲ್ಲಿಟ್ಟೆ, ಏನು ವ್ಯತ್ಯಾಸವಾಯಿತು ಎಂದು ಕೇಳಿದೆ. ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಎಲ್ಲರೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು.

ಅದಾದ ಮುಂದಿನ ವಾರ, ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದಾಗ ಅಕ್ಕನ ಫೋನು ಬಂತು. ಅಕ್ಕ ತಾನಾಗಿ ಫೋನು ಮಾಡುವವಳಲ್ಲ.

"ಒಂದ್ ಮಾತ ಕೇಳ್ತೇನಿ, ಖರೇ ಹೇಳು," ಎಂದಳು.

"ಕೇಳ ಅಕ್ಕಾ."

"ನನ್ನ ಯಾಕ ಹಿರೇಕೆರೂರಿಗೆ ಒಯ್ದು ನಿಲ್ಲಿಸಿದಿ?"

ಅವಳಿಗೆ ಹೇಗೆ ತಿಳಿಯಿತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅವಳು ಸಾಕಿದ ಹುಡುಗಿ ಈಗ ಸವಣೂರಿನಲ್ಲೇ ಕಾಲೇಜಿಗೆ ಹೋಗುತ್ತಾಳೆ. ನಮ್ಮ ಚಿಗವ್ವನ ಪಾಠ ಎಂದು ಹೆಮ್ಮೆಯಿಂದ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದ್ದಾಳೆ. ಅಕ್ಕ ಎಲೆ ಆರಿಸುತ್ತ ಕೇಳಿದ್ದಾಳೆ. ಅಕ್ಕ ಕಥೆ ಓದುವವಳಲ್ಲ, ನನ್ನ ಪುಸ್ತಕಗಳನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟವಳು. ಅದೇ ನನ್ನ ಧೈರ್ಯವಾಗಿತ್ತು.

"ಅದು ಕಥಿ ಅಕ್ಕಾ. ಅಕಿ ನೀ ಅಲ್ಲ. ಪಾತ್ರ ಅದು," ಎಂದೆ.

"ಹಸರ ಅಂಚಿನ ಅರಿವಿ ನಂದು. ಹರದ ಚಪ್ಪಲಿ ನಂದು. ಬಾರವ್ವಾ, ಯಾಕ ನಿಂತಿ ಅಂದದ್ದು ನಮ್ಮ ಅತ್ತಿ. ಎಲ್ಲಾ ನನ್ನವ ತಗೊಂಡು ನಾ ಅಲ್ಲ ಅಂತಿ. ಹಿರೇಕೆರೂರ ನಾ ನೋಡಿದ್ದು ಒಮ್ಮೆ, ಅದೂ ಬಸ್ಸಿನ ಕಿಡಕ್ಯಾಗ."

"ನಿನ್ನ ಗುರ್ತು ಸಿಗಬಾರದು ಅಂತ..."

"ಯಾರಿಂದ ಮುಚ್ಚಿಟ್ಟಿ? ಇಡೀ ಓಣಿ ಕಂಡದ್ದು." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಒಂದ್ ಸೀರಿ ಸಲುವಾಗಿ ನಿಂತೆ ಅಂತ ಬರದೀಯಲ್ಲ. ನನ್ನ ಸಲುವಾಗಿ ಚಪ್ಪಲಿ ಮೆಟ್ಟಿದಾಕಿನ್ನ ನನ್ನ ಮ್ಯಾಲ ಜಗಳಕ್ಕ ಬಂದಾಕಿ ಮಾಡಿದಿ. ಅಕಿ ಸತ್ತಾಳ, ಬಂದು ನಿನ್ನ ಕೇಳಾಕ ಆಗೂದಿಲ್ಲ."

ಅವಳು ಅಲ್ಲಿಗೇ ಬಿಡಲಿಲ್ಲ.

"ಆ ಕೂಸಿಗೆ ಹೆಸರಿಲ್ಲ, ಫೋಟೋ ಇಲ್ಲ. ಅದು ಇತ್ತು ಅನ್ನೂದಕ್ಕ ನಾ ಅವತ್ತ ಅಲ್ಲಿ ನಿಂತದ್ದ ಒಂದ ಗುರ್ತು. ಅದನ್ನೂ ನೀ ಸೀರಿ ಲೆಕ್ಕಕ್ಕ ಹಾಕಿದಿ."

ಆಮೇಲೆ ಅವಳು ನನ್ನಿಂದ ಒಂದೇ ಒಂದು ಕೇಳಿದಳು.

"ಮಂದಿಗೆ ಹೇಳಬ್ಯಾಡ. ಓಣ್ಯಾಗ ಕಂಡ ಹೆಣ್ಮಕ್ಕಳು ಅರ್ಧ ಸತ್ತಾರ, ಅರ್ಧ ಮರತಾರ. ಮನ್ಯಾಗಿನ ಹುಡಿಗಿ ಇಕಿ ಒಬ್ಬಾಕಿಗೆ ಹೇಳು. ಅಕಿ ಸೀರಿಗೆ ನಿಂತಿದ್ದಿಲ್ಲವಾ ಅಂತ ನಾ ಹೇಳಾಕ ಹ್ವಾದ್ರ, 'ನಿನಗೇನ ಗೊತ್ತ ದೊಡ್ಡವ್ವಾ, ಗೈಡಿನ್ಯಾಗ ಐತಿ' ಅಂತಾಳ. ಬರದಾಕಿ ನೀನು. ನೀ ಹೇಳಿದ್ರ ನಂಬತಾಳ."

ಹೇಳುತ್ತೇನೆ ಎಂದೆ. ಮಾತು ಕೊಟ್ಟೆ.

ಎರಡು ರವಿವಾರ ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ರವಿವಾರ ಹಾನಗಲ್ಲಿನಿಂದ ಬಸ್ಸು ಹತ್ತಿದೆ, ದಾರಿಯಲ್ಲಿ ಇನ್ನೊಂದು ಬಸ್ಸಿಗೆ ಬದಲಿಸಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದೆ. ಅಷ್ಟು ತಿದ್ದುಪಡಿಯನ್ನು ನಾನು ಯಾವ ಕಥೆಗೂ ಮಾಡಿರಲಿಲ್ಲ. ಸವಣೂರಿನಲ್ಲಿ ಇಳಿದು, ಮನೆಗೆ ಹೋಗುವ ಮೊದಲು ತೋಟದ ದಾರಿ ಹಿಡಿದೆ. ತೋಟ ಅರ್ಧಕ್ಕಿಳಿದಿದೆ. ಬಳ್ಳಿ ಕಿತ್ತ ಅರ್ಧದಲ್ಲಿ ಈಗ ಗೋವಿನಜೋಳ ಹಾಕಿದ್ದಾರೆ. ನಾನು ನಕ್ಕೆನೋ ಏನೋ, ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಬಾಯಿ ಅಲ್ಲೇ ಇತ್ತು. ಅದರ ಮುಂದೆ ಕೂಲಿ ಹೆಂಗಸರ ಪ್ಲಾಸ್ಟಿಕ್ ಚಪ್ಪಲಿಗಳಿದ್ದವು.

ಮನೆಯಲ್ಲಿ ಅಕ್ಕ ಎಂದಿನಂತೆ ಚಹಾ ಕೊಟ್ಟಳು, ತಾಟಿನಲ್ಲಿ ಖಾರದ ಅವಲಕ್ಕಿ ಹಾಕಿಟ್ಟಳು. ಫೋನಿನ ಮಾತು ಎತ್ತಲಿಲ್ಲ. ಪಡಸಾಲೆಯಲ್ಲಿ ಒದ್ದೆ ಗೋಣಿಚೀಲ ಹಾಸಿ, ಕಾಲು ಚಾಚಿ, ಎಲೆ ಆರಿಸಲು ಕೂತಳು. ದೊಡ್ಡದು ಒಂದು ಕಡೆ, ತೂತು ಬಿದ್ದದ್ದು ಒಂದು ಕಡೆ. ಹುಡುಗಿ ಪುಸ್ತಕ, ಗೈಡು, ಪೆನ್ನು ತಂದು ನನಗೆ ಒತ್ತಿಕೊಂಡು ಕೂತಳು. ಮರುದಿನ ಅವಳಿಗೆ ಕನ್ನಡದ ಟೆಸ್ಟ್ ಇತ್ತು.

"ಚಿಗವ್ವಾ, ನಮ್ಮ ಗೆಳತ್ಯಾರಿಗೆಲ್ಲಾ ಹೇಳೇನಿ, ಬರದಾಕಿ ಬರ್ತಾಳ, ನಾ ಅಕಿನ್ನ ಕೇಳತೇನಿ ಅಂತ," ಎಂದಳು. ಕಣ್ಣುಗಳು ಮಿನುಗುತ್ತಿದ್ದವು. "ಗೈಡಿನ್ಯಾಗ ಹಟಮಾರಿ ಅಂತ ಕೊಟ್ಟಾರ. ಖರೇನ? ಅಕಿ ಯಾಕ ಚಪ್ಪಲ್ ಬಿಡೂದಿಲ್ಲ?"

ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ವಿಮರ್ಶಕನೂ ನನಗೆ ಕೇಳಿರಲಿಲ್ಲ. ಅಕ್ಕನ ಕೈ ನಿಂತಿತು. ಬೆರಳ ನಡುವೆ ಒಂದು ಎಲೆ ಹಿಡಿದು, ತಲೆ ಎತ್ತದೆ, ಕಾಯುತ್ತಿದ್ದಳು. ಅವಳ ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದ್ದು ನನಗೆ ಆಗ ಕಂಡಿತು.

ಹೇಳಬೇಕಾದದ್ದು ನಾಲ್ಕು ಮಾತು. ಅವಳು ಕಣದಲ್ಲಿ ನಿಂತಿರಲಿಲ್ಲ, ಇಲ್ಲೇ ನಮ್ಮ ತೋಟದ ಬಾಯಲ್ಲಿ ನಿಂತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಎಲೆತೋಟದ ಮನೆಯಲ್ಲಿ ಬೆಳೆದ ಹುಡುಗಿಗೆ ಇಷ್ಟು ಸಾಕಾಗಿತ್ತು, ಉಳಿದದ್ದನ್ನು ತಾನೇ ತಿಳಿದುಕೊಳ್ಳುತ್ತಿದ್ದಳು. ನಾಳೆ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತದಲ್ಲ ಎಂದು ನನ್ನ ತಲೆ ಒಂದು ನೆಪ ಹುಡುಕಿತು. ದೊಡ್ಡವ್ವನ ಹಳೆಯ ನೋವು ಈ ಎಳೆಯ ಮನಸ್ಸಿಗೆ ಯಾಕೆ ಎಂದು ಇನ್ನೊಂದು ಹುಡುಕಿತು. ಎರಡೂ ಸುಳ್ಳು. ಆ ಹುಡುಗಿಯ ಕಣ್ಣಲ್ಲಿ ನಾನು ದೊಡ್ಡ ಲೇಖಕಿಯಾಗಿದ್ದೆ, ಅಲ್ಲಿಂದ ಕೆಳಗೆ ಇಳಿಯಲು ನನಗೆ ಮನಸ್ಸಾಗಲಿಲ್ಲ. ಇದೇ ನಿಜ.

"ಅಕಿಗೆ ಸಿಟ್ಟು ಬಂದಿತ್ತವಾ," ಎಂದೆ. "ಸೀರಿ ಸಲುವಾಗಿ."

ಹುಡುಗಿ ಅಕ್ಕನ ಕಡೆ ತಿರುಗಿ, "ನೋಡ ದೊಡ್ಡವ್ವಾ, ನಾ ಹೇಳಿದ್ದಿಲ್ಲಾ?" ಎಂದು ನಕ್ಕಳು.

ಅಕ್ಕ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿ, ತೂತು ಬಿದ್ದವುಗಳ ಕಡೆ ಹಾಕಿದಳು. ಇನ್ನೊಂದು ಎಲೆ ಎತ್ತಿಕೊಂಡಳು.

"ಹೂಂ, ಬರಕೋ," ಎಂದಳು. "ಬರದಾಕಿನ ಹೇಳಾಕತ್ತಾಳ. ಇನ್ನ ಯಾರನ್ನ ಕೇಳತಿ?"

ಹುಡುಗಿ ಬರೆದುಕೊಂಡಳು.